ನೆಗೆಟಿವ್ ಸ್ಕ್ಯಾನ್ ಕೆಟ್ಟು ಬರುತ್ತಿದೆಯಾ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿರುವ ಫೋಟೊ ಅದು. ಅಪ್ಪ 1988ರಲ್ಲಿ ತೆಗೆದದ್ದು. ಪ್ರಿಂಟನ್ನು ಗೆದ್ದಲು ತಿಂದಿತ್ತು. ನೆಗೆಟಿವ್ ಮಾತ್ರ ಸ್ಟುಡಿಯೋದವರು ಕೊಟ್ಟ ಕವರಿನಲ್ಲೇ, ಟ್ರಂಕಿನ ತಳದಲ್ಲಿ, ನುಸಿಗುಳಿಗೆ ವಾಸನೆ ಹೊಡೆಯುತ್ತಾ ಉಳಿದಿತ್ತು. ಸ್ಕ್ಯಾನರ್ ತಂದ ವಾರವೇ ಅದನ್ನು ಹಾಕಿ ನೋಡಿದೆ. ಅಜ್ಜಿಯ ಕೆನ್ನೆ ಮೇಲೆ ಒಂದು ಬಿಳಿ ಚುಕ್ಕೆ, ಅಂಚು ಸ್ವಲ್ಪ ಮಸುಕು. ಫಿಲ್ಮ್ ಒರೆಸಿದೆ, ಚುಕ್ಕೆ ಹೋಗಲಿಲ್ಲ. ಮತ್ತೆ ಒರೆಸಿದೆ. ಮೂರನೇ ಸಲ ಒರೆಸುವಾಗ ಫಿಲ್ಮಿಗೆ ಗೀರು ಬಿತ್ತು. ಧೂಳು ಇದ್ದದ್ದು ಫಿಲ್ಮ್ ಮೇಲೆ ಅಲ್ಲವೇ ಅಲ್ಲ, ಸ್ಕ್ಯಾನರಿನ ಗಾಜಿನ ಮೇಲೆ. ಗಾಜು ಒರೆಸಿದ್ದೇ ತಡ ಚುಕ್ಕೆ ಮಾಯ. ಗೀರು ಇವತ್ತಿಗೂ ಇದೆ.

ಆ ಗೀರಿನ ಬೆಲೆಗೆ ಕಲಿತ ಪಾಠ ಇಷ್ಟೇ: ಸರಿ ಮಾಡಲು ಕೈ ಹಾಕುವ ಮೊದಲು ತಪ್ಪು ಯಾರದ್ದು ಎಂದು ತಿಳಿಯಬೇಕು. ಅನುಮಾನ ಪಡಬೇಕಾದ ಜಾಗ ನಾಲ್ಕು. ಫಿಲ್ಮ್, ಅದನ್ನು ಹಿಡಿದ ಹೋಲ್ಡರ್ ಮತ್ತು ಗಾಜು, ಸ್ಕ್ಯಾನರ್ ಯಂತ್ರ, ಕೊನೆಗೆ ಬಣ್ಣ ತಿರುಗಿಸುವ ಸಾಫ್ಟ್‌ವೇರ್. ನಾವು ಮಾತ್ರ ನೇರ ಸಾಫ್ಟ್‌ವೇರ್‌ಗೇ ಹೋಗಿ ಸ್ಲೈಡರ್ ಎಳೆಯುತ್ತಾ ಕೂರುತ್ತೇವೆ, ಅಲ್ವಾ?

ಮೊದಲ ಹತ್ತು ನಿಮಿಷ

ಫೋನಿನಲ್ಲಿ ಬಿಳಿ ಪುಟ ತೆರೆದು ಬ್ರೈಟ್‌ನೆಸ್ ಪೂರ್ತಿ ಏರಿಸಿ. ಅದರ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ನೆಗೆಟಿವ್ ಪಟ್ಟಿಯನ್ನು ಅಂಚು ಹಿಡಿದು ನೋಡಿ. ಭೂತಗನ್ನಡಿ ಇದ್ದರೆ ಸರಿ. ಹಳೇ ಕ್ಯಾಮೆರಾದ 50 ಎಂಎಂ ಲೆನ್ಸ್ ಇದ್ದರೆ ತಲೆಕೆಳಗಾಗಿ ಕಣ್ಣಿಗೆ ಹಿಡಿಯಿರಿ, ಅದೇ ಒಳ್ಳೆ ಭೂತಗನ್ನಡಿ. ಸ್ಕ್ಯಾನಿನಲ್ಲಿ ಕಂಡ ಕಲೆ ಇಲ್ಲೂ ಕಂಡರೆ ಅದು ಫಿಲ್ಮಿನದ್ದು.

ಕಣ್ಣಿಗೆ ಗೊತ್ತಾಗದಿದ್ದರೆ ಪಟ್ಟಿಯನ್ನು ಹೋಲ್ಡರಿನಿಂದ ತೆಗೆದು, ತಲೆ ಇದ್ದ ಕಡೆ ಬಾಲ ಬರುವಂತೆ ಅರ್ಧ ಸುತ್ತು ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಿ. ಕಲೆ ಅಜ್ಜಿಯ ಕೆನ್ನೆ ಜೊತೆಗೇ ಹೋಯಿತಾ? ಫಿಲ್ಮ್ ಮೇಲಿದೆ. ಅಜ್ಜಿ ಜಾಗ ಬದಲಿಸಿದರೂ ಕಲೆ ಮೊದಲಿದ್ದ ಕಡೆಯೇ ನಿಂತಿತಾ? ಗಾಜಿನ ಮೇಲೋ ಯಂತ್ರದ ಒಳಗೋ ಇದೆ. ಎರಡೇ ನಿಮಿಷದ ಕೆಲಸ. ನಾನು ಇದನ್ನು ಮಾಡಿದ್ದರೆ ಗೀರು ಬೀಳುತ್ತಿರಲಿಲ್ಲ.

ಮೂರನೆಯದು, ಅದೇ ಫ್ರೇಮನ್ನು ನೆಗೆಟಿವ್ ಎಂದು ಹೇಳದೆ ಪಾಸಿಟಿವ್ ಎಂದು ಹೇಳಿ ಸ್ಕ್ಯಾನ್ ಮಾಡುವುದು. ಕಿತ್ತಳೆ ಬಣ್ಣದ ಉಲ್ಟಾ ಚಿತ್ರ ಬರುತ್ತದೆ, ಬರಲಿ. ಅದರಲ್ಲಿ ಎಲ್ಲಾ ಚೆನ್ನಾಗಿದ್ದು, ತಿರುಗಿಸಿದ ಮೇಲೆ ಮಾತ್ರ ಕೆಡುತ್ತಿದ್ದರೆ ತಪ್ಪು ಸಾಫ್ಟ್‌ವೇರಿನದ್ದು.

ಮುಂದೆ ಹೋಗುವ ಮೊದಲು ಒಂದೆರಡು ಪೆದ್ದು ತಪ್ಪುಗಳನ್ನು ಮುಗಿಸಿಬಿಡೋಣ. ಸ್ಕ್ಯಾನ್ ಪೂರ್ತಿ ಖಾಲಿ ಬರುತ್ತಿದ್ದರೆ ಮುಚ್ಚಳದೊಳಗಿನ ಬಿಳಿ ಹಲಗೆ ತೆಗೆದಿದ್ದೀರಾ ನೋಡಿ. ಕಾಗದ ಸ್ಕ್ಯಾನ್ ಮಾಡುವಾಗ ಅದು ಬೇಕು. ಫಿಲ್ಮಿಗೆ ಬೆಳಕು ಬರುವುದು ಅದರ ಹಿಂದಿನಿಂದ, ಆದ್ದರಿಂದ ತೆಗೆಯಲೇಬೇಕು. ಸ್ಕ್ಯಾನರ್ ಕರಕರ ಎಂದು ಸದ್ದು ಮಾಡಿ ನಿಂತರೆ, ಸಾಗಣೆಗಾಗಿ ಹಾಕಿದ ಲಾಕ್ ಇನ್ನೂ ಹಾಗೇ ಇರಬಹುದು. ಪ್ರಿವ್ಯೂನಲ್ಲಿ ಆರು ಫ್ರೇಮಿನ ಬದಲು ಮೂರೇ ಕಂಡರೆ ಯಂತ್ರ ಕೆಟ್ಟಿಲ್ಲ. ರಾತ್ರಿ ತೆಗೆದ ತೆಳು ಫ್ರೇಮುಗಳ ಅಂಚು ಸಾಫ್ಟ್‌ವೇರಿಗೆ ಗೊತ್ತಾಗಿಲ್ಲ ಅಷ್ಟೇ. ಥಂಬ್‌ನೇಲ್ ಆಯ್ಕೆ ಬಿಟ್ಟು ಕೈಯಿಂದಲೇ ಚೌಕ ಎಳೆಯಿರಿ.

ಎಡ ಬಲ ಅದಲುಬದಲಾಗಿದ್ದರೆ ಫಿಲ್ಮನ್ನು ಮಗುಚಿ ಹಾಕಿದ್ದೀರಿ. ಫಿಲ್ಮಿನ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಮಂಕು. ಮಂಕು ಬದಿಯಲ್ಲೇ ಎಮಲ್ಷನ್, ಅಂದರೆ ಚಿತ್ರ ಮೂಡುವ ಪದರ, ಇರುವುದು, ಫಿಲ್ಮ್ ಸುರುಳಿ ಸುತ್ತುವುದೂ ಆ ಕಡೆಗೇ. ಹೊಳೆಯುವ ಬದಿಯಿಂದ ನೋಡಿದಾಗ ಅಂಚಿನ ಅಕ್ಷರ, ನಂಬರ್ ಸರಿಯಾಗಿ ಓದಲು ಬರಬೇಕು. ಫೋಟೊದಲ್ಲಿ ಅಂಗಡಿ ಬೋರ್ಡು ಇಲ್ಲದಿದ್ದರೆ ಅಪ್ಪನ ಶರ್ಟಿನ ಜೇಬು ನೋಡಿ, ಎಡಗಡೆ ಇರಬೇಕು. ಅಮ್ಮನ ಸೆರಗು ಎಡ ಭುಜದ ಮೇಲಿರಬೇಕು. ಕೊಡವರ ಮನೆ ಮದುವೆ ಫೋಟೊಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಅಲ್ಲಿ ಸೆರಗು ಬಲ ಭುಜಕ್ಕೇ ಬರುತ್ತದೆ, ನೆರಿಗೆ ಹಿಂದಕ್ಕೆ ಹೋಗುತ್ತದೆ. ಅಂಥ ಒಂದು ಫೋಟೊವನ್ನು ನಾನು ತಿರುಗಿಸಿ ಹಾಳು ಮಾಡಿ, ಆಮೇಲೆ ಮತ್ತೆ ತಿರುಗಿಸಿದ್ದೇನೆ.

ಚಿತ್ರ ಮಸುಕಾಗಿದೆ

ಇಲ್ಲಿ ಧೂಳೇ ನಿಮ್ಮ ಸಾಕ್ಷಿ. ಸ್ಕ್ಯಾನನ್ನು ನೂರು ಪರ್ಸೆಂಟ್‌ಗೆ ಹಿಗ್ಗಿಸಿ, ಫಿಲ್ಮ್ ಮೇಲೆ ಕೂತ ಒಂದು ಕೂದಲೋ ಧೂಳಿನ ಕಣವೋ ಹುಡುಕಿ. ಧೂಳು ಚೂಪಾಗಿದ್ದು ಮುಖ ಮಾತ್ರ ಮಸುಕಾಗಿದ್ದರೆ ಸ್ಕ್ಯಾನರ್ ತನ್ನ ಕೆಲಸ ಸರಿಯಾಗಿ ಮಾಡಿದೆ. ಆವತ್ತು ಕ್ಯಾಮೆರಾ ಅಲುಗಿದೆ, ಇಲ್ಲವೇ ಫೋಕಸ್ ತಪ್ಪಿದೆ. ಫಿಕ್ಸೆಡ್ ಫೋಕಸ್ ಪ್ಲಾಸ್ಟಿಕ್ ಕ್ಯಾಮೆರಾದಲ್ಲಿ ಮಗುವಿನ ಮುಖದ ಹತ್ತಿರ ಹೋಗಿ ಒತ್ತಿದ ಫೋಟೊಗಳೆಲ್ಲ ಹೀಗೇ. ಅದಕ್ಕೆ ಮದ್ದಿಲ್ಲ. ಧೂಳೂ ಮಸುಕು, ಮುಖವೂ ಮಸುಕು ಎಂದಾದರೆ ಫಿಲ್ಮ್ ಸ್ಕ್ಯಾನರಿನ ಫೋಕಸ್ ಇರುವ ಎತ್ತರದಲ್ಲಿಲ್ಲ.

ಮನೆಗೆ ತರುವ ಫ್ಲಾಟ್‌ಬೆಡ್‌ಗಳಲ್ಲಿ (ಗಾಜಿನ ಹಾಸಿನ ಮೇಲಿಟ್ಟು ಸ್ಕ್ಯಾನ್ ಮಾಡುವ ಯಂತ್ರ) ಬಹುಪಾಲಿಗೆ ಫೋಕಸ್ ಬದಲಿಸಲು ಬರುವುದಿಲ್ಲ. ಗಾಜಿನಿಂದ ಇಷ್ಟು ಎತ್ತರ ಎಂದು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಹೋಲ್ಡರ್ ಅದೇ ಎತ್ತರದಲ್ಲಿ ಫಿಲ್ಮನ್ನು ಹಿಡಿಯಬೇಕು, ಆದರೆ ಎಲ್ಲವೂ ಕರಾರುವಾಕ್ಕಾಗಿ ಹಿಡಿಯುವುದಿಲ್ಲ. ಕೆಲವು ಹೋಲ್ಡರುಗಳ ಅಡಿಯಲ್ಲಿ ಎತ್ತರ ಬದಲಿಸುವ ಪುಟ್ಟ ಕಾಲುಗಳಿರುತ್ತವೆ. ಇಲ್ಲದಿದ್ದರೆ ಎ4 ಕಾಗದ ಸಾಕು. ಸಾಮಾನ್ಯ ಪ್ರಿಂಟರ್ ಕಾಗದ ಒಂದು ಹಾಳೆಗೆ ಸುಮಾರು 0.1 ಮಿ.ಮೀ. ದಪ್ಪ. ಬೆರಳಗಲದ ತುಂಡು ಮಾಡಿ ಹೋಲ್ಡರಿನ ನಾಲ್ಕು ಮೂಲೆಯ ಕೆಳಗೆ ಇಡುತ್ತಾ ಹೋಗಿ. ಮೊದಲು ಏನೂ ಇಲ್ಲದೆ, ಆಮೇಲೆ ಮೂರು ಹಾಳೆ, ಆರು, ಒಂಬತ್ತು. ಪ್ರತಿ ಸಲ ಅದೇ ಫ್ರೇಮು, ಅದೇ 2,400 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ). ಸಾಫ್ಟ್‌ವೇರಿನ ಶಾರ್ಪನಿಂಗ್ ಆಫ್ ಇರಬೇಕು, ಇಲ್ಲದಿದ್ದರೆ ಅದು ಕಣ್ಣಿಗೆ ಮಣ್ಣೆರಚುತ್ತದೆ. ಸೀರೆಯ ಅಂಚು, ಹೆಂಚಿನ ಸಾಲು, ಕಿಟಕಿ ಸರಳು, ಇಂಥ ಕಡೆ ಹೋಲಿಸಿ ನೋಡಿ. ನನ್ನ ಹೋಲ್ಡರಿಗೆ ಆರು ಹಾಳೆಯಲ್ಲಿ ಚೆನ್ನಾಗಿ ಬಂತು. ಆ ಆರು ತುಂಡನ್ನು ಸೆಲ್ಲೊಟೇಪ್ ಹಾಕಿ ಅಲ್ಲೇ ಅಂಟಿಸಿಬಿಟ್ಟೆ. ಎತ್ತರ ಹೆಚ್ಚಿಸಿದಷ್ಟೂ ಕೆಡುತ್ತಾ ಹೋದರೆ ಹೋಲ್ಡರ್ ಈಗಾಗಲೇ ಎತ್ತರ ಜಾಸ್ತಿ ಆಗಿದೆ ಎಂದರ್ಥ, ಅದರ ಕಾಲನ್ನು ಉಪ್ಪುಕಾಗದದಲ್ಲಿ ಸವೆಸಬೇಕಾದೀತು.

ಅಂಚು ಚೂಪಾಗಿದ್ದು ನಡುವೆ ಮಾತ್ರ ಮಸುಕು, ಇಲ್ಲವೇ ಅದರ ಉಲ್ಟಾ ಆಗಿದ್ದರೆ ಫಿಲ್ಮ್ ದೋಣಿಯಂತೆ ಬಾಗಿದೆ. ಒಣ ಹವೆಯಲ್ಲಿ ಇದು ಜಾಸ್ತಿ. ಕವರಿನೊಳಗೇ ಇಟ್ಟು ದಪ್ಪ ನಿಘಂಟಿನ ಕೆಳಗೆ ಒಂದು ವಾರ ಬಿಡಿ. ಬಿಸಿ ಮಾಡಲು, ಇಸ್ತ್ರಿ ಪೆಟ್ಟಿಗೆ ಹತ್ತಿರ ತರಲು ಹೋಗಲೇಬೇಡಿ. ಅದಕ್ಕೂ ಬಗ್ಗದಿದ್ದರೆ ಆಂಟಿ-ನ್ಯೂಟನ್ ಗಾಜನ್ನು (ಒಂದು ಬದಿ ತುಸು ಒರಟು ಮಾಡಿದ ಗಾಜು) ಮೇಲಿಂದ ಇಟ್ಟು ಒತ್ತಬಹುದು.

ಆ 'ನ್ಯೂಟನ್' ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಆಕಾಶದ ಭಾಗದಲ್ಲಿ ಕಾಮನಬಿಲ್ಲಿನ ಬಣ್ಣದ ಸುತ್ತುಗಳು, ನೀರಿನ ಮೇಲೆ ಸೀಮೆಎಣ್ಣೆ ಚೆಲ್ಲಿದಂತೆ ಕಂಡರೆ ಅವು ನ್ಯೂಟನ್ ಉಂಗುರಗಳು. ಫಿಲ್ಮಿನ ನುಣುಪು ಬದಿ ಗಾಜಿಗೆ ತಾಗಿಯೂ ತಾಗದಂತೆ ಇದ್ದಾಗ, ನಡುವಿನ ತೆಳು ಗಾಳಿಯ ಪದರದಲ್ಲಿ ಬೆಳಕಿನ ಅಲೆಗಳು ಒಂದಕ್ಕೊಂದು ಸೇರಿ ಈ ಆಟ ಆಡುತ್ತವೆ. ಫಿಲ್ಮ್ ಗಾಜಿಗೆ ತಾಗದಂತೆ ಮಾಡಿ. ತಾಗಲೇಬೇಕೆಂದರೆ ಮಂಕು ಬದಿ ಗಾಜಿನ ಕಡೆ ಬರಲಿ, ಆಮೇಲೆ ಚಿತ್ರವನ್ನು ಕಂಪ್ಯೂಟರಿನಲ್ಲಿ ಅದಲುಬದಲು ಮಾಡಿಕೊಳ್ಳಿ. ಮಾಮೂಲಿ ಫೋಟೊ ಫ್ರೇಮಿನ ಗಾಜು ತಂದು ಒತ್ತಿದರೆ ಉಂಗುರ ಗ್ಯಾರಂಟಿ.

ಬಣ್ಣ ಕೆಟ್ಟಿದೆ

ಜನ ಜಾಸ್ತಿ ಒದ್ದಾಡುವುದು ಇಲ್ಲಿ. ನಾನೂ ಒದ್ದಾಡಿದ್ದೇನೆ.

ಮೊದಲು ಆ ಕಿತ್ತಳೆ ಬಣ್ಣದ ವಿಷಯ. ಕಲರ್ ನೆಗೆಟಿವ್ ಹಳತಾಗಿ ಕಿತ್ತಳೆಯಾದದ್ದಲ್ಲ, ಹುಟ್ಟುತ್ತಲೇ ಹಾಗಿತ್ತು. ಫಿಲ್ಮಿನೊಳಗಿನ ಸಯಾನ್ ಮತ್ತು ಮಜೆಂಟಾ ಬಣ್ಣಗಳು ಶುದ್ಧವಲ್ಲ. ತಾವು ಹೀರಬೇಕಾದ ಬೆಳಕಿನ ಜೊತೆ ಬೇರೆಯದನ್ನೂ ಒಂದಿಷ್ಟು ಹೀರುತ್ತವೆ. ಆ ತಪ್ಪನ್ನು ಸರಿದೂಗಿಸಲೆಂದೇ ತಯಾರಕರು ಆ ಪದರಗಳಲ್ಲಿ ಈ ಬಣ್ಣದ ಮುಸುಕು ಇಟ್ಟಿರುತ್ತಾರೆ. ಕೊಡ್ಯಾಕ್ 1972ರಲ್ಲಿ ತಂದ ಸಿ-41 ವಿಧಾನದಲ್ಲಿ ತೊಳೆದ ಕಲರ್ ನೆಗೆಟಿವ್‌ಗಳಲ್ಲೆಲ್ಲ ಸಾಮಾನ್ಯವಾಗಿ ಇದನ್ನು ನೋಡುತ್ತೀರಿ. ಆದರೆ ಒಂದು ಕಂಪನಿಯ ಕಿತ್ತಳೆ ಇನ್ನೊಂದರಂತೆ ಇರುವುದಿಲ್ಲ. ಸುಮ್ನೆ 'ಇನ್ವರ್ಟ್' ಒತ್ತಿದರೆ ಕಿತ್ತಳೆಯ ಉಲ್ಟಾ ಏನು? ನೀಲಿ. ಅದಕ್ಕೇ ಮದುಮಕ್ಕಳು ಸಮುದ್ರದ ತಳದಲ್ಲಿ ನಿಂತಂತೆ ಕಾಣುವುದು.

ಸರಿಯಾದ ಕ್ರಮ ಹೀಗಿದೆ. ಎರಡು ಫ್ರೇಮಿನ ನಡುವೆ ಬೆಳಕೇ ತಾಗದ ಒಂದು ಕಿರಿದಾದ ಜಾಗ ಇರುತ್ತದೆ. ಸ್ಕ್ಯಾನಿನಲ್ಲಿ ಅದೂ ಒಂಚೂರು ಬರುವಂತೆ ನೋಡಿಕೊಳ್ಳಿ. ಜಿಂಪ್ ಎಂಬ ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಆದರೆ, ಇನ್ವರ್ಟ್ ಮಾಡುವ ಮೊದಲೇ 'ಲೆವೆಲ್ಸ್' ತೆರೆದು ಬಿಳಿ ಐಡ್ರಾಪರ್‌ನಿಂದ ಆ ಜಾಗದ ಮೇಲೆ ಒತ್ತಿ. ಕಿತ್ತಳೆ ಹೋಗಿ ಬಿಳಿಯಾಗುತ್ತದೆ. ಈಗ ಇನ್ವರ್ಟ್ ಮಾಡಿ. ಆ ಜಾಗ ಕಪ್ಪಾಗುತ್ತದೆ, ಚಿತ್ರದ ಬಣ್ಣ ಮುಕ್ಕಾಲು ಪಾಲು ದಾರಿಗೆ ಬಂದಿರುತ್ತದೆ. ಉಳಿದದ್ದಕ್ಕೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಲೆವೆಲ್ಸನ್ನು ಒಂದೊಂದಾಗಿ ತೆಗೆದು, ಗುಡ್ಡದಂತೆ ಕಾಣುವ ನಕ್ಷೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ತುದಿಗಳನ್ನು ತನ್ನಿ. ಡಾರ್ಕ್‌ಟೇಬಲ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ನೆಗಾಡಾಕ್ಟರ್ ಎಂಬ ವಿಭಾಗವೇ ಇದೆ. ಅದೂ ಮೊದಲು ಕೇಳುವುದು ಫಿಲ್ಮಿನ ತಳದ ಬಣ್ಣವನ್ನೇ. ಎರಡೂ ಉಚಿತ.

ಸ್ಕ್ಯಾನರಿನ ಸಾಫ್ಟ್‌ವೇರೇ ತಿರುಗಿಸಿ ಕೊಡುತ್ತಿದ್ದು ಬಣ್ಣ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಿದ್ದರೆ, ಚೌಕ ಎಲ್ಲಿ ಎಳೆದಿದ್ದೀರಿ ನೋಡಿ. ಹೋಲ್ಡರಿನ ಕಪ್ಪು ಅಂಚು ಚೌಕದೊಳಗೆ ಸೇರಿದ್ದರೆ, ತಿರುಗಿಸಿದ ಮೇಲೆ ಅದೇ ಅತಿ ಬಿಳಿ ಭಾಗ. ಸಾಫ್ಟ್‌ವೇರ್ ಅದನ್ನೇ ಬಿಳಿ ಎಂದು ಹಿಡಿದು ನಿಜವಾದ ಚಿತ್ರವನ್ನು ಮಬ್ಬು ಮಾಡುತ್ತದೆ. ಫಿಲ್ಮಿನ ಅಂಚಿನ ಹಲ್ಲುತೂತಿನ ಬೆಳಕು ಸೇರಿದರೆ ಇನ್ನೊಂದು ಥರ ಎಡವಟ್ಟು. ಅದು ತಿರುಗಿದ ಮೇಲೆ ಅತಿ ಕಪ್ಪು, ಹಾಗಾಗಿ ಚಿತ್ರದ ಕಪ್ಪೆಲ್ಲ ಬೂದಿಯಾಗುತ್ತದೆ. ಬಣ್ಣ ಲೆಕ್ಕ ಹಾಕುವಾಗ ಚೌಕ ಫ್ರೇಮಿನ ಒಳಗೇ ಇರಲಿ. ಆಮೇಲೆ ಬೇಕಾದರೆ ಹಿಗ್ಗಿಸಿ.

ಇನ್ನೊಂದು, ನಮ್ಮ ಮಲೆನಾಡಿನವರಿಗೆ ಖಾಯಂ ಬರುವ ತಾಪತ್ರಯ. ಗದ್ದೆ, ತೋಟ, ಕಾಡು. ಫ್ರೇಮಿನ ತುಂಬಾ ಹಸಿರು. ಆಟೋ ಕಲರ್‌ಗೆ ಅದು ಹಸಿರಿನ ಛಾಯೆ ಎಂದು ಕಾಣುತ್ತದೆ. 'ಸರಿ' ಮಾಡಲು ಹೋಗಿ ಎಲ್ಲರ ಮುಖಕ್ಕೂ ಗುಲಾಬಿ ಮೆತ್ತುತ್ತದೆ. ಪರಿಹಾರ ಸುಲಭ. ಅದೇ ರೀಲಿನಲ್ಲಿ ಬೂದು ಬಣ್ಣದ ವಸ್ತುವಿರುವ ಒಂದು ಫ್ರೇಮ್ ಹುಡುಕಿ, ಅದರಲ್ಲಿ ಬಣ್ಣ ಹೊಂದಿಸಿ, ಅದನ್ನೇ ಇಡೀ ರೀಲಿಗೆ ಹಾಕಿ. ವ್ಯೂಸ್ಕ್ಯಾನ್ ಎಂಬ ಸ್ಕ್ಯಾನಿಂಗ್ ಸಾಫ್ಟ್‌ವೇರಿನಲ್ಲಿ ಎಕ್ಸ್‌ಪೋಷರನ್ನೂ ಫಿಲ್ಮ್ ತಳದ ಬಣ್ಣವನ್ನೂ ಲಾಕ್ ಮಾಡುವ ಆಯ್ಕೆ ಇರುವುದು ಇದಕ್ಕೇ.

ಬೂದು ಎಂದರೆ ಯಾವುದನ್ನು ನಂಬಬೇಕು? ನಾನು ಅಪ್ಪನ ಬಿಳಿ ಪಂಚೆಯನ್ನು ನಂಬಿದೆ. ಫೋಟೊ ಪೂರ್ತಿ ಹಳದಿಗೆ ತಿರುಗಿತು. ಎರಡು ದಿನ ಆದಮೇಲೆ ಹೊಳೆಯಿತು, ಅಮ್ಮ ಬಿಳಿ ಬಟ್ಟೆಗೆಲ್ಲ ನೀಲಿ ಹಾಕುತ್ತಿದ್ದರು! ಪಂಚೆ ನಿಜಕ್ಕೂ ನೀಲಿಯಾಗಿತ್ತು. ಸಿಮೆಂಟಿನ ಕಟ್ಟೆ, ಟಾರು ರಸ್ತೆ, ಸ್ಟೀಲ್ ಚೊಂಬು ಇಂಥದ್ದನ್ನು ಹಿಡಿಯಿರಿ. ಸುಣ್ಣದ ಗೋಡೆಯೂ ಬೇಡ, ಸುಣ್ಣಕ್ಕೂ ನೀಲಿ ಕಲಸುತ್ತಿದ್ದರಲ್ಲ.

ಎಷ್ಟು ಮಾಡಿದರೂ ಒಂದು ಫ್ರೇಮ್ ಹಸಿರು, ಪಕ್ಕದ್ದು ಸರಿಯಾಗಿದೆ ಎಂದರೆ ಸ್ಕ್ಯಾನರನ್ನು ಬೈಯಬೇಡಿ. ಹಸಿರಿನದ್ದು ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ತೆಗೆದದ್ದಿರಬಹುದು. ಬಲ್ಬಿನ ಬೆಳಕಾದರೆ ಹಳದಿ ಕೆಂಪು. ಹಗಲಿನ ಬೆಳಕಿಗೆ ಮಾಡಿದ ಫಿಲ್ಮ್ ಅದನ್ನು ಹಾಗೇ ಕಂಡಿದೆ. ಆಗ ಸ್ಟುಡಿಯೋದವರು ಪ್ರಿಂಟ್ ಹಾಕುವಾಗಲೇ ಇದನ್ನು ತಿದ್ದಿ ಕೊಡುತ್ತಿದ್ದರು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಆ ಕೆಲಸ ನಮ್ಮ ತಲೆಗೆ ಬಂದಿದೆ.

ನೆರಳಿನ ಭಾಗ ನೀಲಿ, ಬೆಳಕಿನ ಭಾಗ ಹಳದಿ, ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ ಎಂದಾದರೆ ಫಿಲ್ಮಿನ ಬಣ್ಣದ ಪದರಗಳು ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಮಾಸಿವೆ. ಒಂದೇ ಸ್ಲೈಡರಿನಿಂದ ಇದು ಸರಿಹೋಗದು. ಕರ್ವ್ಸ್‌ನಲ್ಲಿ ನೀಲಿ ಚಾನೆಲ್ಲಿನ ಕೆಳ ತುದಿ ಇಳಿಸಿ, ಮೇಲಿನ ತುದಿ ಏರಿಸಿ ನೋಡಿ. ಅರ್ಧ ಗಂಟೆ ಕಳೆದರೂ ಮುಖದ ಬಣ್ಣ ಬರದಿದ್ದರೆ ಕಪ್ಪು-ಬಿಳುಪು ಮಾಡಿಬಿಡಿ. ನಾನು ಹಾಗೇ ಮಾಡುತ್ತೇನೆ, ಬೇಜಾರಿಲ್ಲ.

ಇನ್ನು ನೆಗೆಟಿವೇ ತೆಳುವಾಗಿದ್ದರೆ, ಅಂದರೆ ಬೆಳಕಿಗೆ ಹಿಡಿದಾಗ ಹೆಚ್ಚುಕಮ್ಮಿ ಖಾಲಿ ಕಿತ್ತಳೆ ಪಟ್ಟಿಯಂತೆ ಕಂಡರೆ, ಆವತ್ತು ಬೆಳಕು ಸಾಲಲಿಲ್ಲ. ಸ್ಕ್ಯಾನಿನಲ್ಲಿ ಕಪ್ಪು ಭಾಗ ಬೂದು ಬೂದು, ಮರಳು ಮರಳಾಗಿ ಬರುತ್ತದೆ. ಅಲ್ಲಿ ಏನೂ ದಾಖಲಾಗಿಲ್ಲ, ಎಳೆದು ತೆಗೆಯಲು ಏನೂ ಇಲ್ಲ. ಕಪ್ಪನ್ನು ಕಪ್ಪಾಗಿಯೇ ಬಿಡಿ, ಮರಳು ಮುಚ್ಚಿಹೋಗುತ್ತದೆ. ದಟ್ಟವಾಗಿದ್ದರೆ ಭಯ ಕಡಿಮೆ. ಬೆಳಕು ಜಾಸ್ತಿ ಬಿದ್ದದ್ದನ್ನು ಕಲರ್ ನೆಗೆಟಿವ್ ಚೆನ್ನಾಗಿ ತಡೆದುಕೊಳ್ಳುತ್ತದೆ. ಸಿಲ್ವರ್‌ಫಾಸ್ಟ್ ಎಂಬ ಸ್ಕ್ಯಾನಿಂಗ್ ಸಾಫ್ಟ್‌ವೇರಿನ ಮಲ್ಟಿ ಎಕ್ಸ್‌ಪೋಷರ್ (ಒಂದೇ ಫ್ರೇಮನ್ನು ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ ಸ್ಕ್ಯಾನ್ ಮಾಡಿ ಸೇರಿಸುವುದು) ಇಂಥ ದಟ್ಟ ಫ್ರೇಮಿಗೆ ಉಪಯೋಗಕ್ಕೆ ಬರುತ್ತದೆ.

ಚುಕ್ಕೆ, ಗೀರು, ಗೆರೆ

ಚುಕ್ಕೆಯ ಬಣ್ಣವೇ ಅದರ ಊರು ಹೇಳುತ್ತದೆ. ನೆಗೆಟಿವ್ ಮೇಲಿನ ಧೂಳು ಬೆಳಕನ್ನು ತಡೆಯುತ್ತದೆ, ತಿರುಗಿಸಿದ ಮೇಲೆ ಬಿಳಿಯಾಗುತ್ತದೆ. ಹಾಗಾಗಿ ಬಿಳಿ ಚುಕ್ಕೆ ಎಂದರೆ ಧೂಳು ಈಗಲೂ ಇದೆ, ತೆಗೆಯಬಹುದು. ಚುಕ್ಕೆಯ ಅಂಚು ಚೂಪಾಗಿದ್ದರೆ ಫಿಲ್ಮ್ ಮೇಲೆ, ಮಸುಕಾಗಿದ್ದರೆ ಗಾಜಿನ ಮೇಲೆ. ಕಪ್ಪು ಚುಕ್ಕೆ ಬೇರೆ ಕಥೆ. ಫೋಟೊ ತೆಗೆಯುವ ಹೊತ್ತಿಗೆ ಕ್ಯಾಮೆರಾದೊಳಗೆ ಧೂಳಿತ್ತು, ಇಲ್ಲವೇ ಎಮಲ್ಷನ್ ಆ ಜಾಗದಲ್ಲಿ ಕಿತ್ತುಹೋಗಿದೆ. ಎಷ್ಟು ಒರೆಸಿದರೂ ಅದು ಹೋಗದು. ಗೀರಿಗೂ ಇದೇ ಲೆಕ್ಕ: ಹೊಳೆಯುವ ಬದಿಯ ಗೀರು ಬಿಳಿ ಗೆರೆಯಾಗುತ್ತದೆ, ಎಮಲ್ಷನ್ ಕೆರೆದುಹೋದ ಗೀರು ಕಪ್ಪು ಅಥವಾ ಬಣ್ಣದ ಗೆರೆಯಾಗುತ್ತದೆ.

ಧೂಳು ತೆಗೆಯುವ ಮೊದಲು ಫ್ಯಾನ್ ಆಫ್ ಮಾಡಿ. ನಗಬೇಡಿ, ಅರ್ಧ ಧೂಳು ತಲೆ ಮೇಲಿನ ಫ್ಯಾನಿನದ್ದೇ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋವರ್‌ನಿಂದ ಫಿಲ್ಮಿನ ಎರಡೂ ಬದಿ, ಗಾಜು, ಮುಚ್ಚಳದ ಗಾಜು ಎಲ್ಲಕ್ಕೂ ಗಾಳಿ ಹೊಡೆಯಿರಿ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಪಂಚೆ ಅಂಚು, ಟಿಶ್ಯೂ ಪೇಪರ್, ಅಂಗಿ ತುದಿ ಯಾವುದೂ ಬೇಡ.

ಡಿಜಿಟಲ್ ಐಸ್ ಎಂಬ ಸೌಲಭ್ಯ ಇದ್ದರೆ ಕಲರ್ ನೆಗೆಟಿವ್‌ಗೆ ಧಾರಾಳವಾಗಿ ಬಳಸಿ. ಅದರ ಗುಟ್ಟು ಇನ್‌ಫ್ರಾರೆಡ್ ಬೆಳಕು. ಫಿಲ್ಮಿನ ಬಣ್ಣಗಳನ್ನು ಅದು ದಾಟಿ ಹೋಗುತ್ತದೆ, ಧೂಳು ಮತ್ತು ಗೀರು ಮಾತ್ರ ಅಡ್ಡ ಬರುತ್ತವೆ. ಎಲ್ಲಿ ಅಡ್ಡ ಬಂತೋ ಅಲ್ಲಿ ಅಕ್ಕಪಕ್ಕದಿಂದ ತೇಪೆ ಹಾಕುತ್ತದೆ. ಕಪ್ಪು-ಬಿಳುಪು ಫಿಲ್ಮಿಗೆ ಮಾತ್ರ ಇದನ್ನು ಹಾಕಬೇಡಿ. ಅಲ್ಲಿ ಚಿತ್ರ ನಿಂತಿರುವುದೇ ಬೆಳ್ಳಿಯ ಕಣಗಳ ಮೇಲೆ, ಬೆಳ್ಳಿ ಇನ್‌ಫ್ರಾರೆಡ್ಡನ್ನು ಬಿಡುವುದಿಲ್ಲ. ಚಿತ್ರವೆಲ್ಲ ಧೂಳೇ ಎಂದು ತಿಳಿದು ಯಂತ್ರ ಮುಖಗಳನ್ನು ಮೇಣದಂತೆ ಕರಗಿಸುತ್ತದೆ. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್‌ನವರ 'ಇಂದು' ಫಿಲ್ಮಿನಲ್ಲಿ ತೆಗೆದ ಒಂದು ಶಾಲಾ ಗುಂಪು ಫೋಟೊವನ್ನು ನಾನು ಮರೆತು ಐಸ್ ಹಾಕಿ ಸ್ಕ್ಯಾನ್ ಮಾಡಿದ್ದೆ. ಮೇಷ್ಟ್ರ ಕನ್ನಡಕ ಅರ್ಧ ಮಾಯವಾಗಿತ್ತು. ಇಲ್ಫರ್ಡ್ ಎಕ್ಸ್‌ಪಿ2 ಥರದ, ಸಿ-41ರಲ್ಲಿ ತೊಳೆಯುವ ಕಪ್ಪು-ಬಿಳುಪು ಫಿಲ್ಮ್ ಇದಕ್ಕೆ ಹೊರತು. ಅದರಲ್ಲಿ ಕೊನೆಗೆ ಬೆಳ್ಳಿ ಉಳಿಯುವುದಿಲ್ಲ, ಐಸ್ ನಡೆಯುತ್ತದೆ.

ಸ್ಕ್ಯಾನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಎಳೆದಂತೆ ನೇರ ಗೆರೆ, ಅದೂ ಎಲ್ಲ ಫ್ರೇಮಿನಲ್ಲೂ ಒಂದೇ ಜಾಗದಲ್ಲಿ ಬಂದರೆ ಹೋಲ್ಡರಿನ ತಲೆಯ ಹತ್ತಿರ ಇರುವ ಖಾಲಿ ಕಿಂಡಿ ನೋಡಿ. ಪ್ರತಿ ಸ್ಕ್ಯಾನಿಗೂ ಮೊದಲು ಯಂತ್ರ ತನ್ನ ಬೆಳಕನ್ನು ಅಲ್ಲಿ ಅಳೆದುಕೊಳ್ಳುತ್ತದೆ. ಅಲ್ಲೊಂದು ಧೂಳಿನ ಕಣ ಕೂತರೆ ಅದರ ನೆರಳನ್ನೇ ಲೆಕ್ಕಕ್ಕೆ ಹಿಡಿದು ಉದ್ದಕ್ಕೂ ಗೆರೆ ಎಳೆಯುತ್ತದೆ. ಆ ಕಿಂಡಿಯ ಕೆಳಗಿನ ಗಾಜು ಒರೆಸಿದರೆ ಮುಗಿಯಿತು. ರಿಪೇರಿಯವರೊಬ್ಬರು ನನಗೆ ಇದಕ್ಕೇ ಸೆನ್ಸರ್ ಬದಲಿಸಬೇಕು ಎಂದಿದ್ದರು.

ಚಿತ್ರದ ಮೇಲೆ ತೆಳು ಮಂಜು ಕವಿದಂತೆ ಕಂಡರೆ ಗಾಜಿನ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಹಳೇ ಸ್ಕ್ಯಾನರುಗಳ ಗಾಜಿನ ಒಳಬದಿಯಲ್ಲಿ ಮಂಕು ಪೊರೆ ಕಟ್ಟುತ್ತದೆ. ಅದನ್ನು ಬಿಚ್ಚಿಯೇ ಒರೆಸಬೇಕು.

ಬೂಷ್ಟು, ಹುಳಿ ವಾಸನೆ

ಕರಾವಳಿ, ಮಲೆನಾಡಿನ ಟ್ರಂಕುಗಳಲ್ಲಿ ನೆಗೆಟಿವ್ ಇದ್ದರೆ ಜೇಡರ ಬಲೆಯಂಥ, ಕವಲೊಡೆದ ಗುರುತುಗಳು ಸಿಕ್ಕೇ ಸಿಗುತ್ತವೆ. ಅದು ಬೂಷ್ಟು. ಎಮಲ್ಷನ್ ಎಂದರೆ ಜೆಲಾಟಿನ್, ಬೂಷ್ಟಿಗೆ ಅದು ಊಟ. ಇಲ್ಲಿ ನೀರು ತಾಗಿಸಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರಿಗೆ ಕರಗುವ ಸ್ಥಿತಿಗೆ ಬಂದಿರುತ್ತದೆ, ತೊಳೆದರೆ ಬೂಷ್ಟಿನ ಜೊತೆ ಚಿತ್ರವೂ ಹೋಗುತ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲೂ ನೀರಿರುತ್ತದೆ, ಬೇಡ. ಮೊಬೈಲ್ ರಿಪೇರಿಯವರು ಬಳಸುವ 99 ಪರ್ಸೆಂಟಿನ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತನ್ನಿ. ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ಹಾಕಿ, ಮೊದಲು ಬೇಡದ ಫ್ರೇಮಿನ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಒತ್ತದೆ ಒಂದೇ ದಿಕ್ಕಿಗೆ ಒರೆಸಿ. ಮೇಲೆ ಕೂತ ಬೂಷ್ಟು ಹೋಗುತ್ತದೆ. ತಿಂದುಹಾಕಿದ ಜಾಗ ಬಣ್ಣದ ಕಲೆಯಾಗಿ ಉಳಿಯುತ್ತದೆ. ಪ್ಲಾಸ್ಟಿಕ್ ಕವರಿಗೆ ಅಂಟಿಕೊಂಡ ಪಟ್ಟಿಯನ್ನು ಎಳೆದು ಬಿಡಿಸಬೇಡಿ, ಕವರ್ ಸಮೇತವೇ ಒಂದು ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಡಬ್ಬಿ ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ ವಿಷಯ ಇನ್ನೂ ಗಂಭೀರ. ಫಿಲ್ಮಿನ ಅಸಿಟೇಟ್ ತಳವೇ ಕೊಳೆತು ಅಸಿಟಿಕ್ ಆಮ್ಲ ಬಿಡುತ್ತಿದೆ. ಬಿಸಿ ಮತ್ತು ತೇವ ಸೇರಿದರೆ ಇದು ಬೇಗ ಬರುತ್ತದೆ. ಈ ರೋಗದ ಮೊದಲ ದೂರು ಕೊಡ್ಯಾಕ್ ಕಂಪನಿಗೆ ಹೋದದ್ದು ಭಾರತ ಸರ್ಕಾರದಿಂದಲೇ. ನಮ್ಮ ಹವೆ ಅಂಥದ್ದು. ಆ ಪಟ್ಟಿಗಳನ್ನು ಉಳಿದವುಗಳಿಂದ ಬೇರೆ ಇಡಿ, ಆವಿ ತಾಗಿದರೆ ಪಕ್ಕದ್ದೂ ಬೇಗ ಕೆಡುತ್ತದೆ. ಸ್ಕ್ಯಾನ್ ಮಾಡುವ ಸರದಿಯಲ್ಲಿ ಅವು ಮೊದಲು ಬರಲಿ. ಮದುವೆ ಆಲ್ಬಮ್ ಕಾಯುತ್ತದೆ.

ಸ್ಕ್ಯಾನರ್ ಇಲ್ಲ, ಕ್ಯಾಮೆರಾದಲ್ಲೇ ತೆಗೆಯುತ್ತೇನೆ ಎನ್ನುವವರಿಗೆ

ಒಳ್ಳೆ ಮ್ಯಾಕ್ರೋ ಲೆನ್ಸ್ ಇದ್ದರೆ ಸಾಧಾರಣ ಫ್ಲಾಟ್‌ಬೆಡ್‌ಗಿಂತ ಚೆನ್ನಾಗೇ ಬರುತ್ತದೆ. ದೋಷಗಳು ಮಾತ್ರ ಬೇರೆ. ಒಂದು ಮೂಲೆ ಚೂಪು, ಎದುರಿನ ಮೂಲೆ ಮಸುಕು ಎಂದರೆ ಕ್ಯಾಮೆರಾ ಫಿಲ್ಮಿಗೆ ನೇರವಾಗಿಲ್ಲ. ಫಿಲ್ಮ್ ಇಡುವ ಜಾಗದಲ್ಲಿ ಪುಟ್ಟ ಕನ್ನಡಿ ಇಟ್ಟು ನೋಡಿ, ಲೆನ್ಸಿನ ಪ್ರತಿಬಿಂಬ ಫ್ರೇಮಿನ ಸರಿ ನಡುವೆ ಬರುವವರೆಗೆ ಹೊಂದಿಸಿ. ಚಿತ್ರದ ಮೇಲೆ ಸಣ್ಣ ಬಲೆ ಕಂಡರೆ ಹಿಂದಿನ ಬೆಳಕಿಗೆ ಫೋನೋ ಟ್ಯಾಬ್ಲೆಟ್ಟೋ ಇಟ್ಟಿದ್ದೀರಿ, ಅದರ ಪಿಕ್ಸೆಲ್ ಕಾಣುತ್ತಿದೆ. ಫಿಲ್ಮನ್ನು ಇನ್ನಷ್ಟು ಮೇಲೆತ್ತಿ, ನಡುವೆ ಹಾಲುಬಿಳಿ ಅಕ್ರಿಲಿಕ್ ಹಾಳೆ ಇಡಿ. ಅದಕ್ಕಿಂತ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ) 95ಕ್ಕೂ ಮೇಲಿನ ಎಲ್‌ಇಡಿ ಪ್ಯಾನೆಲ್ ತರುವುದು ಒಳ್ಳೆಯದು, ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಸೊರಗುತ್ತದೆ. ಅಡ್ಡ ಪಟ್ಟೆಗಳು ಬಂದರೆ ದೀಪ ಮಿನುಗುತ್ತಿದೆ, ಶಟರ್ ನಿಧಾನ ಮಾಡಿ. ಐಎಸ್‌ಒ 100, ಎಫ್/8, ಎರಡು ಸೆಕೆಂಡಿನ ಟೈಮರ್. ಚಿತ್ರ ಪೇಲವವಾಗಿದ್ದರೆ ಕೋಣೆ ಕತ್ತಲು ಮಾಡಿ, ಫ್ರೇಮಿನ ಸುತ್ತ ಉಳಿದ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ.

ಎಷ್ಟು ಡಿಪಿಐ?

ಪೆಟ್ಟಿಗೆ ಮೇಲೆ 6,400 ಎಂದು ಬರೆದಿದೆ ಎಂದು ಅಷ್ಟಕ್ಕೇ ಇಟ್ಟರೆ 35 ಎಂಎಂನ ಒಂದು ಫ್ರೇಮು 48 ಬಿಟ್ ಟಿಫ್‌ನಲ್ಲಿ 330 ಎಂಬಿ ಹತ್ತಿರ ಆಗುತ್ತದೆ, ಕಾಯುವುದು ಬೇರೆ. ಅಂಥ ಫ್ಲಾಟ್‌ಬೆಡ್ ನಿಜವಾಗಿ ಬಿಡಿಸಿ ತೋರಿಸುವುದು ಅದರ ಕಾಲು ಭಾಗದ ಆಸುಪಾಸು. ಉಳಿದದ್ದು ಹಿಗ್ಗಿಸಿದ ಗಾಳಿ. 36×24 ಮಿ.ಮೀ. ಫ್ರೇಮಿಗೆ 2,400 ಇಟ್ಟರೆ ಸುಮಾರು 3,400×2,270 ಪಿಕ್ಸೆಲ್, ಗೋಡೆಗೆ ಹಾಕುವ 8×12 ಇಂಚಿನ ಪ್ರಿಂಟಿಗೆ ಸಾಕು. ಆಗ್ಫಾ ಕ್ಲಿಕ್ III ಥರದ ಕ್ಯಾಮೆರಾದ 120 ಫಿಲ್ಮ್ ಇದ್ದರೆ ನೀವು ಪುಣ್ಯವಂತರು. 6×6 ಸೆಂ.ಮೀ. ಚೌಕ, ಒಂದು ರೀಲಿಗೆ ಹನ್ನೆರಡೇ ಫೋಟೊ, ಆದರೆ ಸಾಧಾರಣ ಫ್ಲಾಟ್‌ಬೆಡ್‌ನಲ್ಲೂ ಅದು ಅರಳುತ್ತದೆ.

ಮೊದಲ ಸ್ಕ್ಯಾನನ್ನು ತಿದ್ದದೆ ಟಿಫ್ ಆಗಿ ಇಡಿ, ತಿದ್ದುವುದೆಲ್ಲ ಅದರ ಕಾಪಿಯಲ್ಲಿ. ಅಜ್ಜಿಯ ಫ್ರೇಮಿನ ಕಚ್ಚಾ ಫೈಲ್ 46 ಎಂಬಿ ಇದೆ, ಗೀರು ಸಮೇತ. ಗೀರು ಬಿದ್ದದ್ದು ಹೊಳೆಯುವ ಬದಿಗಾದ್ದರಿಂದ ಐಸ್ ಅದನ್ನು ಹೆಚ್ಚುಕಮ್ಮಿ ಮುಚ್ಚಿತು. ಆ ಜೆಪೆಗನ್ನು ಅತ್ತೆಗೆ ವಾಟ್ಸಾಪ್ ಮಾಡಿದೆ. ಅವರು ಬಣ್ಣದ ಬಗ್ಗೆಯಾಗಲಿ ಗೀರಿನ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ. "ಆ ಮೆಟ್ಟುಗತ್ತಿ ಇನ್ನೂ ನಮ್ಮನೆ ಅಟ್ಟದ ಮೇಲಿದೆ, ಬಂದಾಗ ತಗೊಂಡು ಹೋಗು" ಎಂದು ಬರೆದರು.